ಗೌಡಗೆರೆಯ ಗಡಸು ನೀರು, ಸುಜ್ಜಲು ಸೊಪ್ಪಿನ ನೊರೆ

ಶಿರಾ ಕಡೆ ನಿಮಗೆ ನೆಂಟರಿದ್ದಾರೆಯೇ? ಇದ್ದರೆ ಒಮ್ಮೆ ಗೌಡಗೆರೆಗೂ ಹೋಗಿಬನ್ನಿ. ಶಿರಾ ತಾಲ್ಲೂಕಿನ ಹೋಬಳಿ ಊರು. ಸುತ್ತ ಬಯಲುಸೀಮೆ, ಕಡಿಮೆ ಮಳೆ, ಕಡಲೇಕಾಯಿ ಹೊಲ, ರಾಗಿ ಹೊಲ. ನೀವು ಹೊಳೆನೀರಿನ ಊರಿನವರಾದರೆ ಮೊದಲ ದಿನವೇ ಬಚ್ಚಲುಮನೆಯಲ್ಲಿ ಪೇಚಾಟ! ಕೊಳವೆಬಾವಿಯ ಗಡಸು ನೀರಿಗೆ ಸೋಪು ಎಷ್ಟು ತಿಕ್ಕಿದರೂ ನೊರೆ ಬಾರದು. ತಲೆಗೆ ಹಚ್ಚಿದಿರೋ, ಕೂದಲು ಒಣಗಿದ ಮೇಲೆ ತೆಂಗಿನನಾರು.

ಕೂದಲಿನ ತಪ್ಪೇನಿಲ್ಲ ಕಣ್ರೀ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಸೋಪಿನೊಡನೆ ಸೇರಿ, ಬಿಳಿ ಗಷ್ಟಾಗಿ ಕೂದಲಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಾಚಿದರೆ ಸಿಕ್ಕು, ಸಿಕ್ಕು ಬಿಡಿಸಿದರೆ ಕೂದಲು ತುಂಡು.

ಇದಕ್ಕೆ ಒಗ್ಗುವ ಮದ್ದು ಈ ಸೀಮೆಯ ಕುರುಚಲು ಕಾಡಿನಲ್ಲೇ ಬೆಳೆಯುತ್ತದೆ. ಸುಜ್ಜಲು ಮರದ ಸೊಪ್ಪನ್ನು ಒಣಗಿಸಿ ಪುಡಿಮಾಡಿದರೆ ಅದೇ ಚಿಗರೆಪುಡಿ. ಅದಕ್ಕೆ ಜೋಡಿ ಸೀಗೆಕಾಯಿ. ಎರಡರಲ್ಲೂ ಸಪೋನಿನ್ ಎಂಬ ನೊರೆಯ ಅಂಶವಿದೆ. ಅದು ಸುಣ್ಣದೊಡನೆ ಗಷ್ಟು ಕಟ್ಟುವುದಿಲ್ಲ.

ನಂಬಿಕೆ ಬಾರದೇ? ಮನೆಯಲ್ಲೇ ಪರೀಕ್ಷಿಸಿ. ಎರಡು ಗಾಜಿನ ಸೀಸೆಗಳಿಗೆ ನಿಮ್ಮ ಬೋರ್‌ವೆಲ್ ನೀರನ್ನೇ ಅರ್ಧ ತುಂಬಿ. ಒಂದಕ್ಕೆ ಸೋಪಿನ ಚೂರು, ಇನ್ನೊಂದಕ್ಕೆ ಸೀಗೆ ನೆನೆಸಿ ಸೋಸಿದ ರಸ ಹಾಕಿ ಕುಲುಕಿ. ಮೊದಲನೆಯದರಲ್ಲಿ ಬಿಳಿ ಗಷ್ಟು ತೇಲುತ್ತದೆ. ಎರಡನೆಯದರಲ್ಲಿ ನೊರೆ ನಿಲ್ಲುತ್ತದೆ.

ಮಾಡುವ ವಿಧಾನ: ಬೀಜ ತೆಗೆದ ಸೀಗೆಕಾಯಿ ಅರ್ಧ ಕಿಲೋ, ನೆರಳಲ್ಲಿ ಒಣಗಿಸಿದ ಸುಜ್ಜಲು ಸೊಪ್ಪು ಕಾಲು ಕಿಲೋ, ಮೆಂತ್ಯ 50 ಗ್ರಾಂ. ಸೀಗೆ, ಮೆಂತ್ಯಗಳನ್ನು ಬಿಸಿಲಲ್ಲಿ ಗರಿಗರಿಯಾಗುವಂತೆ ಒಣಗಿಸಿ, ಎಲ್ಲವನ್ನೂ ಸೇರಿಸಿ ಗಿರಣಿಯಲ್ಲಿ ಬೀಸಿಸಿ, ಜರಡಿ ಹಿಡಿಯಿರಿ. ಘಾಟಿಗೆ ಸೀನು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಸ್ನಾನದ ದಿನ ಮೂರು ಚಮಚ ಪುಡಿಯನ್ನು ಅನ್ನ ಬಸಿದ ಗಂಜಿಯಲ್ಲಿ ಕಲಸಿ ಹಚ್ಚಿ. ಕಲಸಿದ್ದು ಅಂದಂದಿಗೇ ಮುಗಿಯಬೇಕು, ಇಟ್ಟರೆ ಹುಳಿಯುತ್ತದೆ.

ಮೊದಲ ಸಲವಾದರೆ ಮೊಣಕೈ ಒಳಮಡಿಕೆಗೆ ಒಂದಿಷ್ಟು ಹಚ್ಚಿ ತೊಳೆದು, ಒಂದು ದಿನ ಕಾಯಿರಿ. ತುರಿಕೆ, ಕೆಂಪು ಕಂಡರೆ ಬೇಡ. ಕಣ್ಣಿಗಂತೂ ಬೀಳಲೇಬಾರದು, ಮಕ್ಕಳಿಗೆ ಹಚ್ಚುವಾಗ ಇನ್ನೂ ಜೋಪಾನ.

ಒಂದು ಮಾತು ಮಾತ್ರ ಮರೆಯಬೇಡಿ. ಈ ಪುಡಿ ಕೊಳೆ ತೆಗೆಯುತ್ತದೆ, ಉದುರಿದ ಕೂದಲನ್ನು ತಂದುಕೊಡುವುದಿಲ್ಲ. ಬಾಣಂತಿಗೆ ಕೆಲವು ತಿಂಗಳು ಕೂದಲುದುರುವುದು ಸಹಜ, ತಾನೇ ನಿಲ್ಲುತ್ತದೆ. ಆದರೆ ಬುಡಸಮೇತ ಹಿಡಿಹಿಡಿಯಾಗಿ ಉದುರುತ್ತಾ, ಜೊತೆಗೆ ಸುಸ್ತು, ಏದುಸಿರು ಇದ್ದರೆ ಎಣ್ಣೆ, ಪುಡಿ ಬದಲಿಸುತ್ತಾ ಕೂರಬೇಡಿ. ರಕ್ತ ಕಡಿಮೆಯಿರಬಹುದು, ಥೈರಾಯ್ಡ್ ತೊಂದರೆಯೂ ಇರಬಹುದು. ವೈದ್ಯರಿಗೆ ತೋರಿಸಿ. ಮನೆಮಂದಿಯ ಆರೋಗ್ಯ ನೋಡುವ ನಾವು ನಮ್ಮದನ್ನೂ ನೋಡಿಕೊಳ್ಳೋಣ, ಅಲ್ಲವೇ?