ಬೀದರ್: ನಮ್ಮ ಕೈಗೆ ಬಂದಿರುವ ಅಮಾನತ್ತು

ಪ್ರತಿವರ್ಷ ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದ ವಾರದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಮಕ್ಕಳು ಮತ್ತು ಅವರ ಹೆತ್ತವರು ನೆರೆಯುತ್ತಾರೆ. ಮುಂದೆ ಏನು ಓದಬೇಕು ಎಂಬ ಪ್ರಶ್ನೆ ಈಗ ಹಿಂದಕ್ಕೆ ಸರಿದಿದೆ. ಎಲ್ಲಿಗೆ ಹೋಗಬೇಕು ಎಂಬುದೇ ಅವರ ಪ್ರಶ್ನೆ. ಹೈದರಾಬಾದ್ 140 ಕಿಲೋಮೀಟರ್ ದೂರದಲ್ಲಿದೆ, ಬೆಂಗಳೂರು ಸುಮಾರು 700 ಕಿಲೋಮೀಟರ್. ಹತ್ತಿರದ ದೊಡ್ಡ ಊರು ನಮ್ಮ ರಾಜ್ಯದ್ದಲ್ಲ, ನಮ್ಮ ರಾಜ್ಯದ ರಾಜಧಾನಿ ಹತ್ತಿರದಲ್ಲಿಲ್ಲ. ಕರ್ನಾಟಕದ ನೆತ್ತಿಯ ಮೇಲೆ ಕುಳಿತಿರುವ ಬೀದರಿನ ಪಾಡು ಇದು. "ಇಲ್ಲಿ ಏನಿದೆ ಸರ್?" ಎಂದು ಹದಿನಾರು ವರ್ಷದ ಹುಡುಗ ಕೇಳುವಾಗ ಅವನ ತಂದೆ ತಲೆ ತಗ್ಗಿಸುತ್ತಾನೆ, ಊರು ಬಡವಾಗಿರುವುದು ತನ್ನದೇ ತಪ್ಪೆಂಬಂತೆ.

ಇಪ್ಪತ್ತು ವರ್ಷಗಳಿಂದ ಈ ನಗರದಲ್ಲಿ ಕನ್ನಡ ಬೋಧಿಸುತ್ತಿರುವ ನಾನು ಯಾರನ್ನೂ "ಹೋಗಬೇಡ" ಎಂದು ತಡೆದವನಲ್ಲ. ವಿದ್ಯೆಗಾಗಿ ಮತ್ತು ಅನ್ನಕ್ಕಾಗಿ ಊರು ಬಿಡುವುದು ನಮ್ಮ ಇತಿಹಾಸದಲ್ಲಿ ಎಂದೂ ಅಪಮಾನದ ಸಂಗತಿಯಾಗಿರಲಿಲ್ಲ. ಪ್ರವಾದಿವರ್ಯರು(ಸ) ಮಕ್ಕಾದಿಂದ ಹೊರಟಾಗ ತಮ್ಮ ಊರಿನತ್ತ ತಿರುಗಿ ನೋಡಿ, ಅದು ತಮಗೆಷ್ಟು ಪ್ರಿಯವೆಂಬುದನ್ನು ಹೇಳಿಕೊಂಡರು ಎಂಬುದು ನಮಗೆಲ್ಲ ತಿಳಿದ ವಿಷಯ. ಆದರೆ ಮದೀನವನ್ನು ಅವರು ಪರಸ್ಥಳವೆಂದು ಬಗೆಯಲಿಲ್ಲ. ಆ ಊರಿನ ಮಸೀದಿ, ಮಾರುಕಟ್ಟೆ, ನೀರು, ನೆರೆಹೊರೆ ಎಲ್ಲವೂ ಅವರ ಹೊಣೆಯಾದವು. ಯಾವ ಊರಿನ ನೀರು ಕುಡಿಯುತ್ತೇವೆಯೋ ಆ ಊರಿನ ಋಣ ನಮ್ಮ ಮೇಲಿರುತ್ತದೆ. ಹುಟ್ಟೂರಾದರೂ ಸರಿ, ಹೊಟ್ಟೆಪಾಡಿಗೆ ಬಂದ ಊರಾದರೂ ಸರಿ.

ಈ ಮಾತಿಗೆ ಬೀದರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ನಮ್ಮ ಊರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸಿದವನು ಇಲ್ಲಿ ಹುಟ್ಟಿದವನಲ್ಲ. ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದವನು. ದಾಭೋಳ ಬಂದರಿನಲ್ಲಿ ಹಡಗಿನಿಂದಿಳಿದು 1453ರ ಸುಮಾರಿಗೆ ಬೀದರಿಗೆ ಬಂದಾಗ ಅವನೊಬ್ಬ ವ್ಯಾಪಾರಿ, ವಯಸ್ಸು ನಲವತ್ತು ದಾಟಿತ್ತು. ಅಂದರೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ಆ ವಯಸ್ಸಿನಲ್ಲಿ ನಮ್ಮಲ್ಲಿ ಅನೇಕರು "ಇನ್ನೇನು, ಮಕ್ಕಳ ಕಾಲ" ಎಂದು ಕೈಚೆಲ್ಲಿ ಕುಳಿತಿರುತ್ತಾರೆ. ಅವನು ಬಹಮನಿ ರಾಜ್ಯದ ಪ್ರಧಾನಮಂತ್ರಿಯಾದ, ಭೂಮಿಯನ್ನು ಅಳೆಯಿಸಿದ, ಪ್ರಾಂತಗಳ ಆಡಳಿತವನ್ನು ತಿದ್ದಿದ. 1472ರಲ್ಲಿ ಮೂರು ಅಂತಸ್ತಿನ ಮದ್ರಸವನ್ನು ಕಟ್ಟಿಸಿದ. ಉಪನ್ಯಾಸದ ಕೋಣೆಗಳು, ಮಸೀದಿ, ಗ್ರಂಥಾಲಯ, ಗುರುಗಳಿಗೂ ವಿದ್ಯಾರ್ಥಿಗಳಿಗೂ ವಸತಿ, ಎಲ್ಲವೂ ಒಂದೇ ಅಂಗಳದ ಸುತ್ತ. ಗೋಡೆಗಳ ಮೇಲೆ ನೀಲಿ, ಹಳದಿ, ಬಿಳಿ ಬಣ್ಣದ ಹೆಂಚಿನ ಕುಸುರಿ. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವು ಎಂದು ಹೇಳಲಾಗುತ್ತದೆ.

ಅವನ ಅಂತ್ಯವೂ ನಮಗೆ ಗೊತ್ತು. ಅವನ ಮೊಹರು ಬಿದ್ದಿದ್ದ ಖಾಲಿ ಕಾಗದದ ಮೇಲೆ ವಿರೋಧಿಗಳು ಸುಳ್ಳು ಪತ್ರ ಬರೆಸಿ ಸುಲ್ತಾನನ ಮುಂದಿಟ್ಟರು. 1481ರಲ್ಲಿ, ಎಪ್ಪತ್ತರ ಆಸುಪಾಸಿನ ಆ ವೃದ್ಧನ ತಲೆ ಉರುಳಿತು. ಬಳಿಕ ಅವನ ಖಜಾನೆಯನ್ನು ಶೋಧಿಸಿದಾಗ ನಿರೀಕ್ಷಿಸಿದ ಸಂಪತ್ತು ಸಿಗಲಿಲ್ಲ. ಸರಕಾರದಿಂದ ಬಂದುದು ಸೈನಿಕರಿಗೂ ಬಡವರಿಗೂ ಹೋಗುತ್ತಿತ್ತು, ತನ್ನ ಊಟದ ಖರ್ಚನ್ನು ಅವನು ಊರಿನಿಂದ ತಂದ ವ್ಯಾಪಾರದ ಬಂಡವಾಳದಿಂದಲೇ ನಡೆಸುತ್ತಿದ್ದ, ಮಲಗುತ್ತಿದ್ದುದು ಚಾಪೆಯ ಮೇಲೆ ಎಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ತರಗತಿಯಲ್ಲಿ ನಾನು ಈ ಭಾಗವನ್ನು ಹೇಳುವಾಗ ಪಾಠ ಯಾವುದೇ ಇರಲಿ, ಮಕ್ಕಳು ಗಡಿಯಾರ ನೋಡುವುದನ್ನು ಮರೆಯುತ್ತಾರೆ.

ಮದ್ರಸದ ಇಂದಿನ ಸ್ಥಿತಿ? ಔರಂಗಜೇಬನ ಕಾಲದಲ್ಲಿ ಆ ಕಟ್ಟಡದಲ್ಲಿ ಸೈನಿಕರು ನೆಲೆಸಿದರು, ಕೋಣೆಗಳಲ್ಲಿ ಮದ್ದಿನ ಪುಡಿ ಸೇರಿತು. 1696ರಲ್ಲಿ ಅದು ಸಿಡಿದು ಒಂದು ಮಿನಾರ್ ಮತ್ತು ಕಟ್ಟಡದ ದೊಡ್ಡ ಭಾಗ ನೆಲಕ್ಕುರುಳಿತು. ಪುಸ್ತಕವಿದ್ದಲ್ಲಿ ಮದ್ದಿನ ಪುಡಿಯಿಟ್ಟವರು ಪರಕೀಯರಲ್ಲ ಎಂಬುದನ್ನು ನಾನು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಈಗ ಉಳಿದಿರುವ ಮಿನಾರಿನ ಮುಂದೆ ಮೊಬೈಲ್ ಹಿಡಿದು ನಿಲ್ಲುವವರ ಸಂಖ್ಯೆ ದೊಡ್ಡದು. ನಮ್ಮ ಸಮುದಾಯದ ಕ್ಯಾಲೆಂಡರ್, ಮದುವೆಯ ಕರೆಯೋಲೆ, ಅಂಗಡಿಯ ಫಲಕ ಎಲ್ಲದರ ಮೇಲೂ ಅದೇ ಮಿನಾರ್. ಆದರೆ ಅದರ ನೆರಳಿನಲ್ಲಿರುವ ಮೊಹಲ್ಲಾಗಳಲ್ಲಿ ಸಂಜೆ ಒಬ್ಬ ಹುಡುಗಿ ಕುಳಿತು ಓದಬಹುದಾದ ಒಂದು ಕೋಣೆಯನ್ನು ಹುಡುಕಿ ನೋಡಿ. ಚಿತ್ರವನ್ನು ಮುದ್ರಿಸಿಕೊಂಡಷ್ಟು ಸುಲಭವಾಗಿ ಚಿತ್ರದಲ್ಲಿರುವ ಕೆಲಸವನ್ನು ಮುಂದುವರಿಸಲಾಗದು.

ಮದ್ರಸದಲ್ಲಿ ಆಲಿಮ್ ಶಿಕ್ಷಣ ಮುಗಿಸಿ ನಾನು ಕನ್ನಡದಲ್ಲಿ ಬಿ.ಎ. ಮಾಡಲು ಹೊರಟಾಗ ಮನೆಯಲ್ಲಿ ಹುಬ್ಬೇರಿಸಿದವರಿದ್ದರು. "ಅರಬಿ, ಉರ್ದು ಸಾಕಾಗಲಿಲ್ಲವೇ?" ಎಂದರು. ಕಾಲೇಜಿನಲ್ಲಿ ಹುಬ್ಬೇರಿಸಿದವರೂ ಇದ್ದರು. ಅವರ ಪ್ರಶ್ನೆ ಬೇರೆ ದಿಕ್ಕಿನದು. ಬೀದರಿನ ಮಾರುಕಟ್ಟೆಯಲ್ಲಿ ಅರ್ಧ ಗಂಟೆ ನಿಂತರೆ ಎರಡೂ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ತರಕಾರಿಯವಳು ಕನ್ನಡದಲ್ಲಿ ಬೆಲೆ ಹೇಳಿ ದಖನಿಯಲ್ಲಿ ಚೌಕಾಶಿ ಮಾಡಿ ಮರಾಠಿಯಲ್ಲಿ ಬೈಯುತ್ತಾಳೆ. ಊರಾಚೆ ಅಷ್ಟೂರಿನಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಅಹಮದ್ ಶಾಹ್ ವಲಿಯ ಗೋರಿಯಿದೆ. ಅವನನ್ನು ಮುಸ್ಲಿಮರು ವಲಿಯೆನ್ನುತ್ತಾರೆ, ಲಿಂಗಾಯತರು ಅಲ್ಲಮಪ್ರಭುವೆನ್ನುತ್ತಾರೆ. ಉರೂಸಿನಲ್ಲಿ ಜಂಗಮರು ಬಂದು ಶಂಖ ಊದುತ್ತಾರೆ. ಉರೂಸಿನ ಆಚರಣೆಗಳ ಕುರಿತು ನನ್ನ ಅಭಿಪ್ರಾಯ ಬೇರೆ, ಅದನ್ನಿಲ್ಲಿ ಚರ್ಚಿಸುವುದಿಲ್ಲ. ಆದರೆ ಆರುನೂರು ವರ್ಷಗಳಿಂದ ಒಂದೇ ಸಮಾಧಿಯ ಮುಂದೆ ಇಬ್ಬರೂ ನಿಲ್ಲುತ್ತಿರುವ ಊರಿನಲ್ಲಿ ಒಂದು ಭಾಷೆ ಒಬ್ಬರದು, ಮತ್ತೊಂದು ಮತ್ತೊಬ್ಬರದು ಎಂದು ಹಂಚಿಕೊಳ್ಳುವುದು ನನ್ನಿಂದಾಗಲಿಲ್ಲ.

ಈ ಊರಿನ ಮಣ್ಣಿನ ಬಗ್ಗೆಯೂ ಒಂದು ಮಾತು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಹೂಜಿಯನ್ನು ಎರಕ ಹೊಯ್ದು, ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರುಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವ ತನಕ ಬಿದರಿ ವಸ್ತು ಬೂದುಬಣ್ಣದ್ದು, ಬೆಳ್ಳಿಯೂ ಎದ್ದು ಕಾಣದು. ಕೋಟೆಯ ಹಳೆಯ ಕಟ್ಟಡಗಳೊಳಗಿನ, ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದೊಂದಿಗೆ ಕುದಿಸಿ ಅದರಲ್ಲಿ ಹಾಕಿದಾಗ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಸರಿಯಾದುದೆಂದು ಕುಶಲಕರ್ಮಿಗಳು ನಾಲಿಗೆಗಿಟ್ಟು ನೋಡಿ ಹೇಳುತ್ತಾರೆ. ಈ ಕಲೆಯ ನುರಿತ ಕೈಗಳಲ್ಲಿ ಒಬ್ಬರಾದ ಶಾಹ್ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಾಗ ನಮ್ಮ ಓಣಿಗಳಲ್ಲಿ ಮಿಠಾಯಿ ಹಂಚಿದರು. ಅದೇ ಓಣಿಗಳಲ್ಲಿ ತಮ್ಮ ಮಗನನ್ನು ಉಳಿ ಹಿಡಿಯಲು ಕಳಿಸುವ ತಂದೆ ಅಪರೂಪ. ಅವರನ್ನು ದೂರಲಾರೆ, ದಿನದ ಕೂಲಿ ಏನೆಂಬುದು ನನಗೆ ಗೊತ್ತಿದೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ. ನಿಜವಾಗಿ ನಾನು ಬರೆಯಲು ಕುಳಿತದ್ದೇ ಅದಕ್ಕಾಗಿ.

ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಅದರ ಕೆಳಗೆ ಕಪ್ಪುಶಿಲೆ. ಮಳೆಯ ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು ಕಪ್ಪುಶಿಲೆಯ ಮೇಲೆ ಬಂದು ನಿಲ್ಲುತ್ತದೆ. ಬಹಮನಿಗಳ ಕಾಲದ ಕೆಲಸಗಾರರು ಇದನ್ನು ಅರಿತಿದ್ದರು. ಇರಾನಿನಿಂದ ಬಂದ ಕರೇಜ್ ವಿದ್ಯೆಯನ್ನು ಇಲ್ಲಿನ ನೆಲಕ್ಕೆ ಹೊಂದಿಸಿ, ಎತ್ತರದಲ್ಲೊಂದು ತಾಯಿಬಾವಿ ತೋಡಿ, ಅಲ್ಲಿಂದ ನೆಲದೊಳಗೆ ನವಿರಾದ ಇಳಿಜಾರಿನ ಸುರಂಗ ಕೊರೆದು, ಪಂಪಿಲ್ಲದೆ, ಎತ್ತಿಲ್ಲದೆ ನೀರನ್ನು ಜನರಿದ್ದಲ್ಲಿಗೆ ನಡೆಸಿಕೊಂಡು ಹೋದರು. ಗಾಳಿಗಾಗಿ ಮತ್ತು ಹೂಳು ತೆಗೆಯಲು ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಕಿಂಡಿಗಳನ್ನು ಇಳಿಸಿದರು. ನೌಬಾದಿನ ಕರೇಜಿನಲ್ಲಿ ಅಂಥ ಕಿಂಡಿಗಳು ಇಪ್ಪತ್ತಕ್ಕೂ ಹೆಚ್ಚಿವೆ. ಶುಕ್ಲತೀರ್ಥ, ಜಮ್ನಾ ಮೋರಿ ಎಂದು ಇನ್ನೆರಡು ಕರೇಜ್‌ಗಳಿವೆ. ಮೇಲೆ ಮನೆ ಕಟ್ಟುವವನಿಗೆ ಕೆಳಗೆ ನದಿಯೊಂದು ನಡೆಯುತ್ತಿದೆಯೆಂದು ತಿಳಿಯುವುದೇ ಇಲ್ಲ. ಕಿಂಡಿಯನ್ನು ಅವನು ಹಾಳು ಗುಂಡಿಯೆಂದು ತಿಳಿದು ಕಸ ಸುರಿಯುತ್ತಾನೆ.

2016ರ ಬೇಸಿಗೆಯನ್ನು ನಾವು ಮರೆಯಲಾರೆವು. ನೆರೆಯ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಬಂದ ವರ್ಷ ಅದು. ಬೀದರಿನಲ್ಲೂ ನಲ್ಲಿಗಳು ಬತ್ತಿದ್ದವು, ಟ್ಯಾಂಕರಿನ ಹಿಂದೆ ಕೊಡ ಹಿಡಿದು ಹೆಂಗಸರು ಓಡುತ್ತಿದ್ದರು. ಆಗ ನಗರದ ಯುವಕರು ಹಳೆಯ ತೆರೆದ ಬಾವಿಗಳ ಹೂಳೆತ್ತಿದರು. ಎಷ್ಟೋ ಕಡೆ ನೀರು ಬಂತು. ಮಳೆಗಾಲ ಬಂದದ್ದೇ ಆ ನೆನಪೂ ಕೊಚ್ಚಿಕೊಂಡು ಹೋಯಿತು.

ನಮ್ಮ ಮೊಹಲ್ಲಾದ ಮಸೀದಿಯ ಹಿಂದೆ ವಕ್ಫ್ ಜಾಗದಲ್ಲಿ ಒಂದು ಬಾವಿಯಿದೆ. ಯಾರು ತೋಡಿಸಿದರೆಂದು ಹಿರಿಯರಿಗೂ ಗೊತ್ತಿಲ್ಲ. ಮೋಟಾರು ಬಂದ ಮೇಲೆ ಬಳಕೆ ನಿಂತು, ಕಸ ತುಂಬಿ ಕಟ್ಟೆಯ ಮಟ್ಟಕ್ಕೆ ಬಂದಿತ್ತು. ಕಳೆದ ಮೊಹರಮ್ ತಿಂಗಳಲ್ಲಿ ಕಮಿಟಿಯ ಸಭೆ ಕರೆದು, ಅದನ್ನು ಪೂರ್ತಿ ಮುಚ್ಚಿ ನಾಲ್ಕು ಅಂಗಡಿ ಕಟ್ಟಿಸುವ ಪ್ರಸ್ತಾಪ ಇಟ್ಟರು. ಪ್ರಸ್ತಾಪ ಇಟ್ಟವರು ಕೆಟ್ಟವರಲ್ಲ. ಮುಅಝ್ಝಿನರ ಸಂಬಳ ಎರಡು ತಿಂಗಳು ಬಾಕಿಯಿತ್ತು, ಛಾವಣಿ ಸೋರುತ್ತಿತ್ತು, ಬಾಡಿಗೆ ಬಂದರೆ ಎಲ್ಲವೂ ನಡೆಯುತ್ತದೆಂಬುದು ಅವರ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ.

ನಾನು ಎದ್ದು ನಿಂತು ಹಝ್ರತ್ ಉಸ್ಮಾನ್(ರ) ಅವರ ರೂಮಾ ಬಾವಿಯ ಪ್ರಸಂಗವನ್ನು ನೆನಪಿಸಿದೆ. ಮದೀನದಲ್ಲಿ ನೀರು ಮಾರಾಟಕ್ಕಿದ್ದ ಕಾಲದಲ್ಲಿ ಅವರು ಆ ಬಾವಿಯನ್ನು ಹಣ ಕೊಟ್ಟು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು, ತಮ್ಮ ಕೊಡಕ್ಕೂ ದಾರಿಹೋಕನ ಕೊಡಕ್ಕೂ ಭೇದವಿಡಲಿಲ್ಲ. ಅವರು ಹಣ ಕೊಟ್ಟು ಬಾವಿಯನ್ನು ತೆರೆದರು, ನಾವು ಹಣಕ್ಕಾಗಿ ಮುಚ್ಚುತ್ತಿದ್ದೇವೆ ಎಂದೆ. ಸಭೆ ಮೌನವಾಯಿತು. ಆಮೇಲೆ ಹಿರಿಯರೊಬ್ಬರು ಮೆತ್ತಗೆ, "ಮಾಸ್ತರ್ ಸಾಬ್, ರೂಮಾದಲ್ಲಿ ನೀರಿತ್ತು. ಇದರಲ್ಲಿ ಎಲ್ಲಿದೆ?" ಎಂದರು. ನ್ಯಾಯವಾದ ಪ್ರಶ್ನೆ. ನನ್ನ ಬಳಿ ಉತ್ತರವಿರಲಿಲ್ಲ. ಒಂದು ವರ್ಷ ಕೊಡಿ, ನೀರು ಬಾರದಿದ್ದರೆ ಅಂಗಡಿಯ ಅಡಿಗಲ್ಲಿಗೆ ನಾನೇ ಬರುತ್ತೇನೆ ಎಂದು ಕೇಳಿಕೊಂಡೆ. ಕೊಟ್ಟರು. ಮುಅಝ್ಝಿನರ ಬಾಕಿಗಾಗಿ ಪ್ರತಿ ಮನೆಯಿಂದ ತಿಂಗಳಿಗೆ ಐವತ್ತು ರೂಪಾಯಿ ಎತ್ತುವುದೆಂದೂ ಅಂದೇ ತೀರ್ಮಾನವಾಯಿತು. ಮೂರು ಮನೆಗಳನ್ನು ಬಿಟ್ಟರೆ ಎಲ್ಲರೂ ಕೊಡುತ್ತಿದ್ದಾರೆ.

ಹೂಳೆತ್ತಲು ಇಳಿದಾಗ ಮೊದಲು ಪ್ಲಾಸ್ಟಿಕ್ ಬಂತು, ಒಡೆದ ಕಮೋಡ್ ಬಂತು, ನಂತರ ಗಂಟುಗಟ್ಟಲೆ ಕಾಗದ. ಹರಿದ ಕುರ್‌ಆನ್ ಪ್ರತಿಗಳು, ಸಿಪಾರಗಳು, ಹಳೆಯ ಉರ್ದು ಪಠ್ಯಪುಸ್ತಕಗಳು. ತುಳಿಯಬಾರದೆಂದು, ಗೌರವದಿಂದಲೇ ತಂದು ಬಾವಿಗೆ ಬಿಟ್ಟವು. ತಲೆಮಾರುಗಳ ಭಕ್ತಿಯೇ ಅಡಿಯಲ್ಲಿ ಕೆಸರಾಗಿ ಸೆಲೆಯನ್ನು ಮುಚ್ಚಿತ್ತು. ಹುಡುಗರು ಮೇಲೆ ಬರಲು ಹೆದರಿ ಬುಟ್ಟಿ ಹಿಡಿದು ಕೆಳಗೇ ನಿಂತುಬಿಟ್ಟರು. ಇಮಾಮ್ ಸಾಹೇಬರೇ ಬಂದು, ಎಲ್ಲವನ್ನೂ ಬಿಳಿಬಟ್ಟೆಯಲ್ಲಿ ಕಟ್ಟಿಸಿ ಖಬರಸ್ತಾನದ ಒಂದು ಮೂಲೆಯಲ್ಲಿ ಆಳವಾಗಿ ದಫನ ಮಾಡಿಸಿದರು. ಈಗ ಮಸೀದಿಯ ಜಗಲಿಯಲ್ಲಿ ಅದಕ್ಕೆಂದೇ ಒಂದು ಪೆಟ್ಟಿಗೆಯಿದೆ.

ಕೆಲಸಕ್ಕೆ ದಿಕ್ಕು ತೋರಿಸಿದವನು ಒಬ್ಬ ಹಳೆಯ ವಿದ್ಯಾರ್ಥಿ. ಹತ್ತು ವರ್ಷಗಳ ಹಿಂದೆ ನನ್ನ ಪಡಸಾಲೆಯಲ್ಲೇ ಕುಳಿತು "ಇಲ್ಲಿ ಏನಿದೆ ಸರ್?" ಎಂದು ಕೇಳಿ ಹೈದರಾಬಾದಿಗೆ ಹೋದವನು, ಅಲ್ಲಿ ಸಿವಿಲ್ ಇಂಜಿನಿಯರ್. ರಮಝಾನ್ ಈದಿಗೆ ಬಂದವನು ಶೂ ಕಳಚಿ, ಪ್ಯಾಂಟ್ ಮಡಚಿ ಇಳಿದ. ಜಂಬಿಟ್ಟಿಗೆಯ ಗೋಡೆಯಲ್ಲಿ ಕೈಯಾಡಿಸಿ, "ಸರ್, ಇದು ಒಣಗಿಲ್ಲ, ಉಸಿರು ಕಟ್ಟಿದೆ ಅಷ್ಟೇ" ಎಂದ. ಹದಿನೈದು ದಿನಕ್ಕೊಮ್ಮೆ ಶನಿವಾರ ರಾತ್ರಿಯ ಬಸ್ಸು ಹಿಡಿದು ಬರುತ್ತಾನೆ. ಬೀದರಿಗೆ ಮರಳುತ್ತೇನೆಂದು ಅವನು ಹೇಳಿಲ್ಲ, ನಾನೂ ಕೇಳಿಲ್ಲ. ಅವನ ಜೊತೆ ಇಳಿಯುವವರಲ್ಲಿ ಇಬ್ಬರು ಪಕ್ಕದ ಓಣಿಯ ಲಿಂಗಾಯತ ಹುಡುಗರು. ಅವರ ಮನೆಯ ಬೋರು ಹೋದ ವರ್ಷವೇ ಬತ್ತಿದೆ.

ಈ ಬರಹ ನಿಮ್ಮ ಕೈ ಸೇರುವ ಹೊತ್ತಿಗೆ ಗಡುವಿಗೆ ಎರಡು ತಿಂಗಳಿರುತ್ತದೆ. ಮೂವತ್ತೊಂದು ಅಡಿ ಇಳಿದಿದ್ದೇವೆ. ಇಪ್ಪತ್ತೆಂಟರ ಬಳಿಕ ಬುಟ್ಟಿಯಲ್ಲಿ ಬರುವ ಮಣ್ಣಿನ ಬಣ್ಣ ಬದಲಾಗಿದೆ, ಹಿಂಡಿದರೆ ಅಂಗೈ ಒದ್ದೆಯಾಗುತ್ತದೆ. ರಾಟೆಯ ಹಗ್ಗ ಸವೆದಿರುವುದರಿಂದ ಹೊಸದನ್ನು ತರಿಸಿದ್ದೇವೆ. ಈ ಭಾನುವಾರ ಫಜ್ರ್ ನಮಾಝಿನ ನಂತರ ಮತ್ತೆ ಇಳಿಯುತ್ತೇವೆ.