ಹಾರುವ ಓತಿ ಮತ್ತು ನನ್ನ ನಗು



ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೊಬ್ಬ ಹುಡುಗ ನನ್ನನ್ನು ಕೇಳಿದ: "ಆಂಟಿ, ಹಿಮಾಲಯದಲ್ಲಿ ಯೇತಿ ನಿಜವಾಗಿಯೂ ಇದೆಯಾ?" ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ, ಹಿಂದೆ ಹಸಿದವರ ಸಾಲು. "ಆಮೇಲೆ ಹೇಳ್ತೀನಿ ಕಣೋ" ಎಂದು ಜಾರಿಕೊಂಡೆ. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಇಂಥದೇ ಒಂದು ಪ್ರಾಣಿಯ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಅದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ.

ಮೊದಲು ಯೇತಿಯ ಲೆಕ್ಕ ಚುಕ್ತಾ ಮಾಡೋಣ. 1951ರಲ್ಲಿ ಎರಿಕ್ ಶಿಪ್ಟನ್ ಎಂಬ ಪರ್ವತಾರೋಹಿ ಹಿಮದಲ್ಲಿ ಕಂಡ ದೊಡ್ಡ ಹೆಜ್ಜೆಗುರುತಿನ ಫೋಟೊ ತೆಗೆದರು. ಅದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುತ್ತಾಡಿತು. 2019ರಲ್ಲಿ ನಮ್ಮ ಸೈನ್ಯದವರೂ ಮಕಾಲು ಪರ್ವತದ ಹತ್ತಿರ ಯೇತಿಯ ಹೆಜ್ಜೆ ಕಂಡೆವೆಂದು ಚಿತ್ರ ಹಾಕಿದ್ದು ನಿಮಗೆ ನೆನಪಿರಬಹುದು. ಆದರೆ ಯೇತಿಯದೆಂದು ಜೋಪಾನವಾಗಿಟ್ಟಿದ್ದ ಮೂಳೆ, ಹಲ್ಲು, ಚರ್ಮ, ಕೂದಲು ಮುಂತಾದ 9 ವಸ್ತುಗಳ ಡಿಎನ್‌ಎಯನ್ನು ವಿಜ್ಞಾನಿಗಳು ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. 8 ಕರಡಿಯವು, ಒಂದು ನಾಯಿಯದು! ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದ ಪ್ರಾಣಿಯ ಕಥೆಯೂ ಇಂಥದೇ. 1934ರ ಆ ಪ್ರಸಿದ್ಧ ಫೋಟೊದಲ್ಲಿದ್ದದ್ದು ಆಟಿಕೆಯ ಜಲಾಂತರ್ಗಾಮಿಗೆ ಕೂರಿಸಿದ ಕುತ್ತಿಗೆ ಎಂದು 1994ರಲ್ಲಿ ಬಯಲಾಯಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗಾದರೆ ಕಾಣದ ಪ್ರಾಣಿಗಳನ್ನು ಹುಡುಕುವುದೆಲ್ಲ ಬರೀ ಬೊಗಳೆಯೇ? ಸ್ವಲ್ಪ ತಾಳಿ.

1938ರ ಡಿಸೆಂಬರ್ 22. ದಕ್ಷಿಣ ಆಫ್ರಿಕದ ಈಸ್ಟ್ ಲಂಡನ್ ಎಂಬ ಊರಿನ ಚಿಕ್ಕ ಮ್ಯೂಸಿಯಮ್ಮನ್ನು ನೋಡಿಕೊಳ್ಳುತ್ತಿದ್ದವಳು ಮಾರ್ಜೊರಿ ಕೋರ್ಟ್ನಿ-ಲ್ಯಾಟಿಮರ್ ಎಂಬ 31 ವರ್ಷದ ಹೆಣ್ಣುಮಗಳು. ಬಂದರಿಗೆ ಬಂದ ದೋಣಿಯ ಮೀನಿನ ರಾಶಿಯಲ್ಲಿ ನೀಲಿ ಬಣ್ಣದ, ಸುಮಾರು ಐದಡಿ ಉದ್ದದ ಒಂದು ವಿಚಿತ್ರ ಮೀನು ಅವಳ ಕಣ್ಣಿಗೆ ಬಿತ್ತು. ಅದರ ರೆಕ್ಕೆಗಳು ಕೈಕಾಲುಗಳ ಹಾಗೆ ದಪ್ಪಗಿದ್ದವು. ನಾರುವ ಮೀನನ್ನು ಹತ್ತಿಸಿಕೊಳ್ಳಲು ಟ್ಯಾಕ್ಸಿಯವನು ಗೊಣಗಿದ. ಅವಳು ಬಿಡಲಿಲ್ಲ. ಅದರ ಚಿತ್ರ ಬರೆದು ಜೆ.ಎಲ್.ಬಿ. ಸ್ಮಿತ್ ಎಂಬ ಪ್ರಾಧ್ಯಾಪಕರಿಗೆ ಕಳಿಸಿದಳು. ಅದು ಸೀಲಕ್ಯಾಂತ್! ಆರೂವರೆ ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ವಿಜ್ಞಾನಿಗಳು ತಿಥಿ ಮಾಡಿ ಮುಗಿಸಿದ್ದ ಮೀನು. ಸ್ಮಿತ್ ಅದಕ್ಕೆ ಅವಳ ಹೆಸರನ್ನೇ ಸೇರಿಸಿ ಲ್ಯಾಟಿಮೇರಿಯ ಎಂದು ಕರೆದರು.

ಕಥೆಯ ಸ್ವಾರಸ್ಯ ಇರುವುದು ಮುಂದೆ. ಎರಡನೆಯ ಮೀನಿಗಾಗಿ ಸ್ಮಿತ್ 14 ವರ್ಷ ಕಾದರು. ನೂರು ಪೌಂಡ್ ಬಹುಮಾನವೆಂದು ಕರಪತ್ರ ಹಂಚಿದರು. ಕೊನೆಗೆ 1952ರಲ್ಲಿ ಅದು ಕೊಮೊರೊ ದ್ವೀಪಗಳಲ್ಲಿ ಸಿಕ್ಕಿತು. ನೋಡಿದರೆ ಅಲ್ಲಿಯ ಬೆಸ್ತರಿಗೆ ಅದು ಹೊಸದೇ ಅಲ್ಲ! ಆಗಾಗ ಗಾಳಕ್ಕೆ ಬೀಳುವ, ತಿನ್ನಲು ಅಷ್ಟೇನೂ ರುಚಿಯಿಲ್ಲದ ಆ ಮೀನಿಗೆ ಅವರು 'ಗೊಂಬೆಸ್ಸಾ' ಎಂದು ಹೆಸರನ್ನೂ ಇಟ್ಟಿದ್ದರು. 1997ರಲ್ಲಿ ಇಂಡೊನೇಶಿಯದ ಮೀನು ಮಾರುಕಟ್ಟೆಯಲ್ಲಿ ಇದರ ಇನ್ನೊಂದು ಜಾತಿ ಕಂಡಾಗಲೂ ಹೀಗೇ ಆಯಿತು. ಬೆಸ್ತರು ಅದನ್ನು 'ರಾಜಾ ಲಾವುತ್', ಅಂದರೆ ಸಮುದ್ರದ ರಾಜ ಎನ್ನುತ್ತಿದ್ದರು. ಹಾಗಾದರೆ ಆ ಮೀನು ಅಜ್ಞಾತವಾಗಿದ್ದದ್ದು ಯಾರಿಗೆ? ಪುಸ್ತಕ ಓದಿದವರಿಗೆ ಮಾತ್ರ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನನ್ನ ತವರು ಸಾಗರದ ಕಡೆ. ಮನೆಯ ಹಿಂದೆಯೇ ಅಡಿಕೆ ತೋಟ. ನಾನಾಗ ಶಿವಮೊಗ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಕೊನೆಯ ವರ್ಷ ಓದುತ್ತಿದ್ದೆ. ಡಿಸೆಂಬರ್ ರಜೆಗೆ ಊರಿಗೆ ಬಂದಾಗ ಕೊನೆಕೊಯ್ಲು ನಡೆದಿತ್ತು. ವರ್ಷವೂ ಬರುತ್ತಿದ್ದ ನಮ್ಮ ಕೊನೆಗೌಡರು ಚಹಾ ಕುಡಿಯುತ್ತಾ, "ಸಣ್ಣಮ್ಮಾ, ನಿಮ್ಮ ತೋಟದಾಗೆ ಒಂದು ಓತಿ ಐತೆ, ಮರದಿಂದ ಮರಕ್ಕೆ ಹಾರ್ತದೆ" ಎಂದರು. ನಾನು ಪಕ್ಕನೆ ನಕ್ಕುಬಿಟ್ಟೆ. "ಹೌದೌದು, ನಾಳೆ ನಮ್ಮನೆ ಎಮ್ಮೆನೂ ಹಾರ್ತದೆ!" ಅಂಗಳದಲ್ಲಿದ್ದವರೆಲ್ಲ ನಕ್ಕರು. ಅವರು ಮಾತನಾಡಲಿಲ್ಲ. ಲೋಟ ತೊಳೆದಿಟ್ಟು, ಕಾಲಿಗೆ ತಳೆ ಹಾಕಿಕೊಂಡು ಮರ ಹತ್ತಿದರು. ಆಮೇಲೆ ಅವರು ನನಗೆ ಯಾವ ಕಥೆಯನ್ನೂ ಹೇಳಲಿಲ್ಲ.

ಮದುವೆಯಾಗಿ ಮುಂಬಯಿಗೆ ಬಂದೆ. ನಮ್ಮ ಸಂಘದ ಪುಸ್ತಕದ ಕಪಾಟಿನಲ್ಲಿ ಒಂದು ದಿನ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೋ' ಸಿಕ್ಕಿತು. 1980ರಲ್ಲಿ ಬಂದ ಕಾದಂಬರಿ. ಮಂದಣ್ಣನೆಂಬ ಹಳ್ಳಿಯ ಹುಡುಗ ಹಾರುವ ಓತಿಯನ್ನು ಕಂಡಿದ್ದಾನೆ. ಊರವರು ಅವನನ್ನು ಲೆಕ್ಕಕ್ಕೇ ಇಟ್ಟಿಲ್ಲ. ವಿಜ್ಞಾನಿ ಕರ್ವಾಲೋ ಮಾತ್ರ ಅವನ ಕಣ್ಣನ್ನು ನಂಬಿ ಕಾಡಿಗೆ ಹೊರಡುತ್ತಾರೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದರೂ ನನಗೆ ಎಚ್ಚರವಿರಲಿಲ್ಲ. ಆಮೇಲೆ ವಿಚಾರಿಸಿದಾಗ ತಿಳಿಯಿತು, ಅದು ಕಾದಂಬರಿಕಾರರ ಕಲ್ಪನೆಯ ಪ್ರಾಣಿಯೇನಲ್ಲ. ಪಶ್ಚಿಮ ಘಟ್ಟದ ಕಾಡು, ತೋಟಗಳಲ್ಲಿ ಇರುವಂಥದೇ. ಪಕ್ಕೆಲುಬುಗಳನ್ನು ಅಗಲಿಸಿದರೆ ನಡುವಿನ ಚರ್ಮ ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ, ಆಗ ಅದು ಗಾಳಿಯಲ್ಲಿ ತೇಲುತ್ತದೆ. 1837ರಲ್ಲೇ ಫ್ರೆಂಚ್ ವಿಜ್ಞಾನಿಗಳು ಅದಕ್ಕೆ ಲ್ಯಾಟಿನ್ ಹೆಸರಿಟ್ಟಾಗಿತ್ತು. ಪ್ಯಾರಿಸ್ಸಿನವರಿಗೂ ಗೊತ್ತಿತ್ತು, ನಮ್ಮ ಕೊನೆಗೌಡರಿಗೂ ಗೊತ್ತಿತ್ತು. ನಡುವೆ ಬಿ.ಎ. ಓದುತ್ತಿದ್ದ ನನಗೊಬ್ಬಳಿಗೆ ಗೊತ್ತಿರಲಿಲ್ಲ! ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನನಗೆಂದೇ ಹುಟ್ಟಿದ್ದಿರಬೇಕು.

ಮುಂದಿನ ಸಲ ಊರಿಗೆ ಹೋದಾಗ ಮೊದಲು ಕೇಳಿದ್ದು ಅವರನ್ನೇ. "ಹೋದ ಮಳೆಗಾಲದಲ್ಲಿ ತೀರಿಕೊಂಡ್ರು ಕಣೇ" ಎಂದಳು ಅಮ್ಮ.

ಎರಡು ಮಧ್ಯಾಹ್ನ ತೋಟದಲ್ಲಿ ಕತ್ತೆತ್ತಿ ಕಾದೆ. ಎರಡನೆಯ ದಿನ ಅಡಿಕೆ ಮರದ ತೊಗಟೆಯ ಒಂದು ಚೂರು ಕಳಚಿಬಿದ್ದಂತಾಯಿತು. ಅದು ಬೀಳಲಿಲ್ಲ, ತೇಲಿ ಹೋಗಿ ಆಚೆಯ ಮರಕ್ಕೆ ಅಂಟಿಕೊಂಡಿತು. ಗಂಟಲ ಕೆಳಗಿನ ಹಳದಿ ಚೀಲವನ್ನು ಒಮ್ಮೆ ಬಿಚ್ಚಿ ಮಡಚಿತು. ನೋಡಿದೆ ಎಂದು ಹೇಳಬೇಕಾಗಿದ್ದವರು ಇರಲಿಲ್ಲ. ಇಡೀ ಆಯುಷ್ಯ ಮರದ ತುದಿಯಲ್ಲಿ ಕಳೆದವರು ಇನ್ನೇನೇನು ಕಂಡಿದ್ದರೋ! ನನ್ನ ಒಂದು ನಗು ಆ ಬಾಗಿಲನ್ನು ಮುಚ್ಚಿಬಿಟ್ಟಿತ್ತು.

ಯೇತಿ ಇದೆಯೇ ಎಂದು ಕೇಳಿದ ಹುಡುಗನಿಗೆ ನನ್ನ ಉತ್ತರ ಇಷ್ಟು: ಇದುವರೆಗೆ ಸಿಕ್ಕಿದ ಪುರಾವೆ ಕರಡಿಯದು. ಆದರೆ ಹಾಗೆ ಕೇಳುವುದನ್ನು ಬಿಡಬೇಡ. ಹೇಳಿದ್ದನ್ನೆಲ್ಲ ನಂಬಬೇಕೆಂದು ನಾನು ಹೇಳುತ್ತಿಲ್ಲ. ಮೊದಲು ಕೇಳಿಸಿಕೊಳ್ಳಿ, ಆಮೇಲೆ ಪರೀಕ್ಷಿಸಿ. ನಾನು ಎರಡನ್ನೂ ಮಾಡಲಿಲ್ಲ.

ಬರುವ ಮೇ ತಿಂಗಳಲ್ಲಿ ನಿಮ್ಮಲ್ಲಿ ಹಲವರು ಅಜ್ಜಿಮನೆಗೆ ಹೋಗುತ್ತೀರಿ. ಮೊಬೈಲನ್ನು ಒಂದು ಗಂಟೆ ಬದಿಗಿಟ್ಟು ಅಲ್ಲಿಯ ತೋಟದವರನ್ನೋ, ದನ ಕಾಯುವವರನ್ನೋ, ಬೆಸ್ತರನ್ನೋ ಮಾತಿಗೆಳೆಯಿರಿ. ಅವರು ಹೇಳುವುದು ಕನ್ನಡದಲ್ಲೇ. ನಿಮ್ಮ ಕನ್ನಡ ತೊದಲಿದರೂ ಚಿಂತೆಯಿಲ್ಲ, ಅವರು ನಗುವುದಿಲ್ಲ. ನೀವೂ ನಗಬೇಡಿ. ಕೇಳಿದ ಹೆಸರುಗಳನ್ನು ಬರೆದು ತನ್ನಿ. ಮುಂದಿನ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಾನೇ ನಿಮ್ಮನ್ನು ಕೇಳುತ್ತೇನೆ.