ಕಪ್ಪು ಸ್ಕ್ರೀನ್ ಕಥೆಗಳು – 7: ಕೆಂಪು ಅಂದ್ರೆ ಬಾಕಿ

ನಮ್ಮ ಕಿರಾಣಿ ಅಂಗಡಿ ಉದ್ರಿ ಲೆಕ್ಕಕ್ಕೆ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ ಅಂತ ಹೋದ ಪೋಸ್ಟ್‌ನಲ್ಲಿ ಹೇಳಿದ್ದೆ, ನೆನಪಿದೆಯಾ? ಬಿಕಾಂ ಓದೋನಿಗೆ ಇದೆಲ್ಲ ಯಾಕೆ ಅಂತ ಕಾಲೆಳೆದವರಿಗೆಲ್ಲ ಥ್ಯಾಂಕ್ಸ್. ಇವತ್ತು ಅದಕ್ಕೆ ಬಣ್ಣ ಹಾಕಿ ನಾನು ಮಾಡ್ಕೊಂಡ ಎಡವಟ್ಟಿನ ಕಥೆ.

ಟರ್ಮಿನಲ್‌ನಲ್ಲಿ ಬಣ್ಣ ಬರಿಸೋದು ಕಷ್ಟ ಅಲ್ಲ. ಪ್ರೋಗ್ರಾಂ ಅಕ್ಷರಗಳ ಮಧ್ಯೆನೇ ಒಂದು ಗುಟ್ಟಿನ ಸೂಚನೆ ಕಳಿಸುತ್ತೆ. ಮೊದಲು ಎಸ್ಕೇಪ್ ಅನ್ನೋ ಕಣ್ಣಿಗೆ ಕಾಣದ ಅಕ್ಷರ, ಆಮೇಲೆ ಒಂದು ಚೌಕ ಬ್ರಾಕೆಟ್, ಒಂದು ಸಂಖ್ಯೆ, ಕೊನೆಗೆ ಸಣ್ಣ ಎಂ. 31 ಹಾಕಿದ್ರೆ ಕೆಂಪು, 32 ಹಸಿರು, 33 ಹಳದಿ. 1 ದಪ್ಪ ಅಕ್ಷರ, 4 ಅಡಿಗೆರೆ, 7 ಹಾಕಿದ್ರೆ ಅಕ್ಷರದ ಬಣ್ಣ ಹಿಂದಕ್ಕೆ, ಹಿಂದಿನ ಬಣ್ಣ ಅಕ್ಷರಕ್ಕೆ. ಕೊನೆಗೆ 0 ಕಳಿಸಿ ‘ಸಾಕು’ ಅನ್ನಬೇಕು. ಮೊದಲ ದಿನ ನಾನು 0 ಮರೆತೆ, ಮುಂದೆ ಬಂದಿದ್ದೆಲ್ಲ ಕೆಂಪೋ ಕೆಂಪು. ಸರಿಯಾಗಿ ಹೇಗೆ ಟೈಪ್ ಮಾಡ್ಬೇಕು ಅಂತ ಎರಡನೇ ಸ್ಲೈಡ್‌ನಲ್ಲಿ ಹಾಕಿದ್ದೀನಿ, ನೋಡ್ಕೊಳ್ಳಿ.

ಸರಿ, ಬಾಕಿ ಇದ್ದವರ ಸಾಲು ಕೆಂಪು, ತೀರಿಸಿದವರದ್ದು ಹಸಿರು ಮಾಡ್ದೆ. ಎರಡರ ಮುಂದೆಯೂ ತಿಂಗಳ ಮೊತ್ತ ಮಾತ್ರ. ಬಣ್ಣನೇ ಹೇಳುತ್ತಲ್ಲ, ‘ಬಾಕಿ’ ಅಂತ ಬೇರೆ ಯಾಕೆ ಬರೀಬೇಕು ಅಂದ್ಕೊಂಡೆ. ಎಷ್ಟು ನೀಟಾಗಿತ್ತು ಅಂದ್ರೆ ಸ್ಟೋರಿಗೂ ಹಾಕಿದ್ದೆ, ನೀವೇ ಬೆಂಕಿ ಇಮೋಜಿ ಕಳಿಸಿದ್ರಿ.

ಮೂರನೇ ದಿನ ಅಪ್ಪಾಜಿ ಹಿಂದಿನ ಬೀದಿ ಅಕ್ಕನ್ನ ಅಂಗಡಿ ತುಂಬ ಜನ ಇದ್ದಾಗ ಕೇಳಿಬಿಟ್ರು, “ಯವ್ವಾ, 1,850 ಹಂಗೇ ಐತಲ್ಲ?” ಆಕೆ ಹಿಂದಿನ ವಾರನೇ ಪೂರ್ತಿ ಕೊಟ್ಟಿದ್ರು. ಪ್ರೋಗ್ರಾಂನಲ್ಲೂ ಹಸಿರೇ ಇತ್ತು. ಅವರು ಒಂದು ಮಾತೂ ಆಡ್ದೆ, ತಗೊಂಡಿದ್ದ ಸಾಮಾನು ಅಲ್ಲೇ ಇಟ್ಟು ಹೋದ್ರು.

ನಾನು ಅಪ್ಪಾಜಿ ಮೇಲೆ ರೇಗಾಡಿದೆ. “ಅಷ್ಟು ದೊಡ್ಡದಾಗಿ ಹಸಿರು ಹಾಕಿದ್ದೀನಿ, ನೋಡೋಕೆ ಏನು ಕಷ್ಟ?” ಅಂದೆ. ಹೌದು, ಹಂಗೇ ಅಂದೆ. ಅವರು ಸ್ಕ್ರೀನ್ ಹತ್ರ ಬಗ್ಗಿ ತುಂಬ ಹೊತ್ತು ನೋಡಿದ್ರು. “ಎಲ್ಲೈತೋ ಹಸಿರು? ಎರಡೂ ಮಣ್ಣಿನ ಬಣ್ಣನೇ ಕಾಣ್ತೈತಲ್ಲೋ.”

ಆಮೇಲೆ ಅಮ್ಮ ಹೇಳಿದ್ರು. ಮದುವೆಗೂ ಮುಂಚೆ ಅಪ್ಪಾಜಿ ಒಂದು ಸರ್ಕಾರಿ ಕೆಲಸದ ಪರೀಕ್ಷೆ ಪಾಸಾಗಿದ್ರಂತೆ. ಮೆಡಿಕಲ್‌ನಲ್ಲಿ ಬಣ್ಣಬಣ್ಣದ ಚುಕ್ಕಿ ಇರೋ ಪುಸ್ತಕ ತೋರಿಸಿ, ಒಳಗೆ ಯಾವ ಅಂಕಿ ಇದೆ ಅಂತ ಕೇಳಿದ್ರಂತೆ. ಇವರಿಗೆ ಬರೀ ಚುಕ್ಕಿ. ಅಲ್ಲಿಗೆ ಮುಗೀತು. ಇಶಿಹಾರ ಅನ್ನೋ ಜಪಾನಿ ಡಾಕ್ಟರ್ 1917ರಲ್ಲಿ ತಂದ ಪರೀಕ್ಷೆ ಅದು, ಈಗಲೂ ಬಳಕೆಯಲ್ಲಿದೆ. ಕೆಂಪು-ಹಸಿರು ಬೇರೆ ಮಾಡೋಕಾಗದೆ ಇರೋದು ಹೆಂಗಸರಿಗಿಂತ ಗಂಡಸರಲ್ಲೇ ಜಾಸ್ತಿ. ಟೊಮೆಟೊ ಹಣ್ಣಾಗಿದೆಯಾ ಅಂತ ಅವರು ಒತ್ತಿ ನೋಡೋದನ್ನ ನಾನು ಇಪ್ಪತ್ತು ವರ್ಷ ನೋಡಿದ್ದೀನಿ. ಅದೇನೋ ವ್ಯಾಪಾರದ ಅಭ್ಯಾಸ ಅಂದ್ಕೊಂಡಿದ್ದೆ.

ಅವತ್ತು ರಾತ್ರಿನೇ ಕೋಡ್ ಬದಲಾಯಿಸ್ದೆ. ಈಗ ಬಾಕಿ ಇರೋ ಸಾಲಿನ ಮೊದಲಲ್ಲೇ ‘ಬಾಕಿ’ ಅಂತ ಇದೆ, ದಪ್ಪಕ್ಷರ, ಜೊತೆಗೆ 7. ಇಡೀ ಸಾಲು ಪಟ್ಟಿ ಹಾಕಿದ ಹಂಗೆ ಎದ್ದು ಕಾಣುತ್ತೆ. ತೀರಿಸಿದವರದ್ದು ‘ಜಮಾ’, ಸಾದಾ ಅಕ್ಷರ. ಟರ್ಮಿನಲ್‌ನಲ್ಲಿ ಕನ್ನಡದ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಆಗುತ್ತೆ, ಅದಕ್ಕೆ ಸದ್ಯಕ್ಕೆ ಎಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇದೆ, ಬೈಬೇಡಿ. ಬಣ್ಣನೂ ಇದೆ, ಆದ್ರೆ ಹಳದಿ ಮತ್ತು ನೀಲಿ. ಅವೆರಡು ಅಪ್ಪಾಜಿಗೆ ಬೇರೆ ಬೇರೆ ಕಾಣುತ್ತೆ. ನೀಲಿಗೆ 34 ಹಾಕ್ಬೇಡಿ, ಕಪ್ಪಿನ ಮೇಲೆ ಯಾರಿಗೂ ಕಾಣಲ್ಲ, 94 ಹಾಕಿ.

ಓದ್ತಾ ಓದ್ತಾ ಗೊತ್ತಾಗಿದ್ದು: 1978ರಲ್ಲಿ ಬಂದ ವಿಟಿ100 ಅನ್ನೋ ಟರ್ಮಿನಲ್‌ಗೂ ಇದೇ ಸೂಚನೆ ಭಾಷೆ ಅರ್ಥ ಆಗ್ತಿತ್ತು. ಆದ್ರೆ ಅದಕ್ಕೆ ಬಣ್ಣನೇ ಇರ್ಲಿಲ್ಲ. ದಪ್ಪಕ್ಷರ, ಅಡಿಗೆರೆ, ಈ 7, ಇಂಥವುಗಳಲ್ಲೇ ಕೆಲಸ ನಡೀತಿತ್ತು.

ಇನ್ನೊಂದು, ಮರೆಯೋ ಮುಂಚೆ. ಔಟ್‌ಪುಟ್‌ನ ಫೈಲ್‌ಗೆ ಉಳಿಸೋದಿದ್ರೆ ಬಣ್ಣದ ಸೂಚನೆ ಕಳಿಸ್ಬೇಡಿ. ಆ ಸೂಚನೆ ಹಂಗೇ ಅಕ್ಷರವಾಗಿ ಕೂರುತ್ತೆ. ನಾನು ಹಂಗೆ ಒಬ್ಬರಿಗೆ ವಾಟ್ಸಾಪಲ್ಲಿ ಪಟ್ಟಿ ಕಳಿಸಿ, “ತಮ್ಮಾ, ಈ 31 ರೂಪಾಯಿ ಯಾವುದು?” ಅಂತ ಕೇಳಿಸ್ಕೊಂಡಿದ್ದೀನಿ. ನಿಜವಾದ ಟರ್ಮಿನಲ್ಲೋ ಅಲ್ವೋ ಅಂತ ಪರೀಕ್ಷೆ ಮಾಡೋ ಒಂದು ಸಾಲು ಕೊನೇ ಸ್ಲೈಡ್‌ನಲ್ಲಿದೆ.

ಅಪ್ಪಾಜಿ ಈಗ ಕನ್ನಡಕ ಹಾಕ್ಕೊಂಡು ತಾವೇ ಪಟ್ಟಿ ಓದ್ತಾರೆ. ನಾನು ಅಂದ ಮಾತಿನ ಬಗ್ಗೆ ಅವರು ಏನೂ ಹೇಳಿಲ್ಲ. ಅಕ್ಕನ ಮನೆಗೆ ನಾನೇ ಹೋಗಿ, ತಪ್ಪು ನಂದು ಅಂತ ಹೇಳಿ ಬಂದೆ. ಟೀ ಕೊಟ್ರು. ನಿನ್ನೆ ಅವರ ಮಗ ಒಂದು ಕೆಜಿ ಸಕ್ಕರೆಗೆ ಬಂದಿದ್ದ. ಉದ್ರಿ ಬರ್ಕೊಳ್ಳೋಕೆ ಕೀಬೋರ್ಡ್ ಎಳ್ಕೊಂಡೆ. ಅವನು ಎಣಿಸಿ ನಗದು ಕೊಟ್ಟು ಹೋದ.